ಬೆಕ್ಕು ನೆಕ್ಕುವ ಮೈ

ನಮ್ಮ ಶಹಾಬಾದದ ಮನೆಯಲ್ಲಿ ನೆಲಕ್ಕೂ ಫರಸಿ, ಮಾಡಿಗೂ ಫರಸಿ. ಆ ಕಲ್ಲು ಬೇಸಿಗೆಯಲ್ಲಿ ತಂಪು. ಅದರ ಸಂದಿಯಲ್ಲಿ ಮಾತ್ರ ಚಿಗಟಗಳ ಸಂಸಾರ. 1972ರ ಬರಗಾಲದ ಬೇಸಿಗೆ ಅದು, ನನಗಾಗ ಹತ್ತು ವರ್ಷ. ಅವ್ವ ನನ್ನ ತಲೆಯ ಹೇನಿಗೆಂದು ಸೀತಾಫಲದ ಬೀಜ ಕುಟ್ಟಿ, ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಬಟ್ಟೆ ಕಟ್ಟಿ ಹಚ್ಚಿದ್ದಳು. ಬೀಜ ಚಿಂಚೋಳಿಯಿಂದ ಆಯಿ ತಂದದ್ದು. ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು. ನಮ್ಮ ಕರಿ ಬೆಕ್ಕು ಹಗಲಿಡೀ ಮೈ ಕೆರೆದುಕೊಳ್ಳುತ್ತಿತ್ತು. ಪಾಪ ಎನ್ನಿಸಿ ಉಳಿದದ್ದನ್ನು ಅದರ ಕುತ್ತಿಗೆಗೆ, ಬೆನ್ನಿಗೆ ತಿಕ್ಕಿದೆ. ಅದರ ಕಣ್ಣಿಗೆ ಬಟ್ಟೆ ಕಟ್ಟುವವರಾರು?

ಬೆಕ್ಕು ಪಂಜ ನೆಕ್ಕಿತು, ಅದೇ ಪಂಜದಿಂದ ಮುಖ ಒರೆಸಿಕೊಂಡಿತು. ಸಂಜೆಯೊಳಗೆ ಎಡಗಣ್ಣು ಕೆಂಪಾಗಿ ಮುಚ್ಚಿಹೋಯಿತು. ವಾರ ಕಳೆದು ತೆರೆದಾಗ ಅದರಲ್ಲಿ ಬಿಳಿ ಪೊರೆ. ಆಯಿ ನನ್ನನ್ನು ಹೊಡೆಯಲಿಲ್ಲ. "ಹುಚ್ಚಿ, ನಿನ್ನ ತಲಿ ನೀ ನೆಕ್ಕತಿಯೇನು? ಅದು ತನ್ನ ಮೈ ತಾನೇ ನೆಕ್ಕತದ. ಅದರ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟಿಗೇ ಹಾಕಿದಂಗ" ಎಂದಳು. ಇಷ್ಟು ವರ್ಷಗಳಲ್ಲಿ ಚಿಗಟದ ಬಗ್ಗೆ ನಾನು ಓದಿ ತಿಳಿದದ್ದೆಲ್ಲ ಈ ಮಾತಿಗೆ ಬರೆದ ಟೀಕೆಯಷ್ಟೆ.

ಚಿಗಟದ ಭಯ ನಮಗೆ ಹಳೆಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಇಂಥ ರೈಲುಹಾದಿಗಳೇ ಅದಕ್ಕೂ ಹಾದಿಯಾದವು. 1898ರಲ್ಲಿ ಫ್ರಾನ್ಸಿನ ವೈದ್ಯ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಯ ಚಿಗಟವೇ ಆ ರೋಗ ಒಯ್ಯುತ್ತದೆಂದು ತೋರಿಸಿದ. ಬೆಕ್ಕಿನ ಮೈಯಲ್ಲಿ ಕಾಣುವುದು ಸಾಮಾನ್ಯವಾಗಿ ಬೇರೆ ಜಾತಿಯ ಚಿಗಟ. ಆದರೆ ಹೆದರಿದ ಮನಸ್ಸು ಜಾತಿ ಕೇಳುವುದಿಲ್ಲ. ಕೈಗೆ ಸಿಕ್ಕ ವಿಷವನ್ನೇ ಹುಡುಕುತ್ತದೆ.

ಮುಂದೆ ಬಂದದ್ದು ಪುಡಿಗಳ ಕಾಲ. ಡಿಡಿಟಿಗೆ ಕೀಟ ಕೊಲ್ಲುವ ಶಕ್ತಿಯಿದೆಯೆಂದು ಪಾಲ್ ಮ್ಯುಲ್ಲರ್ 1939ರಲ್ಲಿ ಕಂಡುಕೊಂಡ; 1948ರಲ್ಲಿ ಅವನಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ 1953ರಿಂದ ಮಲೇರಿಯಾದವರು ಮನೆಮನೆಗೆ ಬಂದು ಗೋಡೆಗೆ ಹೊಡೆಯತೊಡಗಿದರು. ಆ ಔಷಧದಿಂದ ಎಷ್ಟೋ ಮಕ್ಕಳ ಜೀವ ಉಳಿಯಿತು, ಅದನ್ನು ಮರೆಯಬಾರದು. ಆದರೆ "ಅವರು ಹೊಡದು ಹ್ವಾದ ಮ್ಯಾಲ ಬೆಕ್ಕು ಉಳಿಯಂಗಿಲ್ಲ" ಎಂದು ಆಯಿ ಗೊಣಗುತ್ತಿದ್ದಳು. ಹಳೆಯ ಕಾಲದವಳ ಮಾತೆಂದು ನಾವು ನಗುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಬೊರ್ನಿಯೊ ದ್ವೀಪದ ಸರವಾಕದ ಕತೆ ಓದಿದೆ. ಅಲ್ಲಿಯೂ ಸಿಂಪಡಣೆಯಾದ ಹಳ್ಳಿಗಳಲ್ಲಿ ಬೆಕ್ಕುಗಳು ಸತ್ತು ಇಲಿ ಹೆಚ್ಚಿದವು. ಮೈಗೆ ಹತ್ತಿದ ಪುಡಿ ನೆಕ್ಕಿ ಸತ್ತವೆಂಬ ಮಾತು ಹುಟ್ಟಿತು. 1960ರಲ್ಲಿ ಬ್ರಿಟನ್ನಿನ ವಾಯುಪಡೆ ಅಲ್ಲಿಗೆ ಬೆಕ್ಕುಗಳನ್ನು ಪ್ಯಾರಾಷೂಟಿನಲ್ಲಿ ಇಳಿಸಿತು! ಆಯಿಗೆ ಅದನ್ನು ಓದಿ ಹೇಳೋಣವೆಂದರೆ ಆಗ ಆಕೆ ಇರಲಿಲ್ಲ.

ಮದುವೆಯಾಗಿ ಸೇಡಂಗೆ ಬಂದಾಗ ಮನೆಯಲ್ಲಿ ಗ್ಯಾಮಕ್ಸಿನ್ ಪುಡಿಯ ಪೊಟ್ಟಣವಿರುತ್ತಿತ್ತು. ತಿಗಣೆಗೂ ಅದೇ, ಚಿಗಟಕ್ಕೂ ಅದೇ. ಸರಕಾರ ಬಿಎಚ್‌ಸಿಯನ್ನು 1997ರಲ್ಲಿ ನಿಷೇಧಿಸಿತು. ಆದರೆ ಮನೆಮದ್ದಿನ ಆಸೆ ನಿಂತಿಲ್ಲ. ವಾಡಿಯ ತಂಗಿ ಫೋನು ಮಾಡಿ ಕೇಳುತ್ತಾಳೆ: "ಅಕ್ಕಾ, ಬೇವಿನೆಣ್ಣಿ ಹಚ್ಚಲೇನು? ಗಿಡದ್ದೇ ಅಲ್ಲೇನು?" ಚಿತ್ತಾಪುರದ ನಾದಿನಿಗೆ ಸೀಮೆಎಣ್ಣೆಯ ಮೇಲೆ ನಂಬಿಕೆ.

ಗಿಡದ್ದೆಂದ ಮಾತ್ರಕ್ಕೆ ಸೌಮ್ಯವಲ್ಲ. ಸೀತಾಫಲದ ಬೀಜವೂ ಗಿಡದ್ದೇ, ತಂಬಾಕೂ ಗಿಡದ್ದೇ. ತಂಬಾಕಿನ ನೀರು ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಪುಪ್ಪುಸಕ್ಕೆ ಹೋಗುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ. ಬೇವಿನೆಣ್ಣೆಯನ್ನು ಹಾಗೆಯೇ ಹಚ್ಚಿದಾಗ ಬೆಕ್ಕುಗಳು ಜೊಲ್ಲು ಸುರಿಸಿ ನಡುಗಿದ್ದುಂಟು. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಪಿತ್ತಜನಕಾಂಗ ಕರಗಿಸಿ ಹೊರಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನದು ಹೊರಹಾಕಲಾರದು. ಅದಕ್ಕೆ ಬೇಕಾದ ಕಿಣ್ವ ಅದರಲ್ಲಿ ತೀರ ಕಡಿಮೆ. ಫಿನೈಲು, ಸುವಾಸನೆಯ ಎಣ್ಣೆಗಳು ಅದಕ್ಕೆ ವಿಷವಾಗುವುದು ಹೀಗೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧವಂತೂ ಬೆಕ್ಕಿಗೆ ಫಿಟ್ಸು ತರಿಸಿ ಕೊಂದೇಬಿಡಬಹುದು.

ಹಾಗಾದರೆ ಮಾಡುವುದೇನು? ಆಯಿ ಮಾಡುತ್ತಿದ್ದದ್ದೇ. ಸೀರಣಿಗೆಯಿಂದ ಬೆಕ್ಕಿನ ಮೈ ಬಾಚಿ, ಸಿಕ್ಕ ಚಿಗಟವನ್ನು ಸಬಕಾರದ ನೀರಿನ ಬಟ್ಟಲಲ್ಲಿ ಮುಳುಗಿಸುತ್ತಿದ್ದಳು. ಬೆಕ್ಕು ಮಲಗುವ ಕೌದಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುತ್ತಿದ್ದಳು. ಫರಸಿಯ ಸಂದಿಯನ್ನು ದಿನವೂ ಗುಡಿಸಿ ಕಸವನ್ನು ಹೊರಗೆ ಚೆಲ್ಲುತ್ತಿದ್ದಳು. ಹೆಣ್ಣು ಚಿಗಟ ದಿನಕ್ಕೆ 20ಕ್ಕೂ ಹೆಚ್ಚು ತತ್ತಿ ಇಡುತ್ತದೆ. ಅವು ಬೆಕ್ಕಿನ ಮೈಯಲ್ಲಿ ನಿಲ್ಲುವುದಿಲ್ಲ, ನೆಲಕ್ಕೆ ಉದುರುತ್ತವೆ. ಹುಳುವಾಗಿ, ಗೂಡು ಕಟ್ಟಿ ಕಾಯುತ್ತವೆ. ಹೆಜ್ಜೆಯ ಸಪ್ಪಳಕ್ಕೆ ಎದ್ದು ಹಾರುತ್ತವೆ. ಬೀಗ ಹಾಕಿದ್ದ ಮನೆ ತೆರೆದ ಕೂಡಲೇ ಅವು ಕಾಲಿಗೆ ಮುತ್ತುವುದು ಇದಕ್ಕೇ. ಬೆಕ್ಕಿನ ಮೈಯೊಂದನ್ನೇ ಶಿಕ್ಷಿಸಿ ಪ್ರಯೋಜನವಿಲ್ಲ.

ಇಷ್ಟಕ್ಕೂ ಹೋಗದಿದ್ದರೆ ಪಶುವೈದ್ಯರು ಬೆಕ್ಕಿನ ತೂಕ ನೋಡಿ ಬೆಕ್ಕಿನದೇ ಔಷಧ ಕೊಡುತ್ತಾರೆ. ಮರಿಯಿದ್ದರೆ ಅವರನ್ನು ಕೇಳದೆ ಏನನ್ನೂ ಹಚ್ಚಬೇಡಿ. ತಪ್ಪಿ ಏನಾದರೂ ಹಚ್ಚಿದ್ದರೆ ಉಗುರುಬೆಚ್ಚನೆಯ ನೀರು, ಸೌಮ್ಯ ಸಬಕಾರದಿಂದ ತೊಳೆದು, ನೆಕ್ಕಲು ಬಿಡದೆ ಒಯ್ಯಿರಿ. ಕಣ್ಣಿಗೆ ಬಿದ್ದಿದ್ದರೆ ಬರಿಯ ನೀರನ್ನು ಧಾರಾಳವಾಗಿ ಹನಿಸಿರಿ. ಅಂದು ನನಗೆ ಇಷ್ಟು ತಿಳಿದಿದ್ದರೆ ಆ ಕಣ್ಣು ಉಳಿಯುತ್ತಿತ್ತೇನೋ.

ಆ ಒಕ್ಕಣ್ಣಿನ ಬೆಕ್ಕು ಮತ್ತೆ ಆರು ವರ್ಷ ನಮ್ಮಲ್ಲಿತ್ತು. ನಾನು ಕರೆದರೆ ಬರುತ್ತಿತ್ತು, ತೊಡೆಯ ಮೇಲೆ ಮಲಗುತ್ತಿತ್ತು. ನನ್ನ ಕೈಯಲ್ಲಿ ಬಟ್ಟಲು ಕಂಡರೆ ಮಾತ್ರ ಎದ್ದು ಹೋಗುತ್ತಿತ್ತು.