ಲಕೋಟೆಯನ್ನು ಕತ್ತರಿಸಬೇಡಿ

ಹಳೆಯ ಕಾಗದದ ಚೂರಿಗೆ ಲಕ್ಷಾಂತರ ರೂಪಾಯಿ ಬೆಲೆ ಬರುವುದಾದರೂ ಹೇಗೆ? ಅಂಚೆಚೀಟಿ ಕೂಡಿಹಾಕುತ್ತಿದ್ದ ವಿದ್ಯಾರ್ಥಿಗಳು ಇತಿಹಾಸದ ತರಗತಿಯಲ್ಲಿ ನನ್ನನ್ನು ಕೇಳುತ್ತಿದ್ದ ಪ್ರಶ್ನೆಯಿದು. ಹಳೆಯದಾದ ಮಾತ್ರಕ್ಕೆ ಯಾವುದೂ ಬೆಲೆಬಾಳುವುದಿಲ್ಲ. ವಿರಳತೆ, ಸುಸ್ಥಿತಿ, ಹಿಂದಿರುವ ಚರಿತ್ರೆ, ಈ ಮೂರೂ ಕೂಡಬೇಕು.

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಮೊದಲು ಸಿಗರೇಟು, ಅನಂತರ ಚೂಯಿಂಗ್ ಗಮ್ ಪೊಟ್ಟಣಗಳಲ್ಲಿಟ್ಟು ಮಾರುತ್ತಿದ್ದರು. ಮಕ್ಕಳು ಆಡಿ ಹರಿದರು, ಹಿರಿಯರು ಕಸಕ್ಕೆ ಹಾಕಿದರು. ಟಾಪ್ಸ್ ಕಂಪನಿಯು 1952ರಲ್ಲಿ ಅಚ್ಚುಹಾಕಿದ ಮಿಕಿ ಮ್ಯಾಂಟಲ್ ಕಾರ್ಡೊಂದು, ಅಂಚು ಮಾಸದೆ ಉಳಿದಿದ್ದ ಕಾರಣ, 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು. ಹೆಚ್ಚಿನವರು ಎಸೆದದ್ದರಿಂದಲೇ ಉಳಿದದ್ದಕ್ಕೆ ಆ ಬೆಲೆ.

ನಮ್ಮ ದೇಶದ ಉದಾಹರಣೆ ಗಾಂಧೀಜಿಯವರ ಅಂಚೆಚೀಟಿಗಳು. 1948ರ ಆಗಸ್ಟ್ 15ರಂದು ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿತವಾದ ನಾಲ್ಕು ಚೀಟಿಗಳು ಬಿಡುಗಡೆಯಾದವು. ಅವುಗಳಲ್ಲಿ ಒಂದೂವರೆ ಆಣೆಯದು ಇಂದಿಗೂ ಸುಲಭವಾಗಿ ದೊರೆಯುತ್ತದೆ. ಆದರೆ ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ‘ಸರ್ವಿಸ್’ ಎಂಬ ಮೇಲ್ಮುದ್ರೆ ಹಾಕಿದ ಹತ್ತು ರೂಪಾಯಿಯ ಚೀಟಿಗಳು ಕೇವಲ ನೂರು. ಅಂತಹ ನಾಲ್ಕು ಚೀಟಿಗಳ ಸಾಲು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಮಹಾತ್ಮರ ಚಿತ್ರ ಎರಡರಲ್ಲೂ ಇದೆ. ಬೆಲೆಯ ಅಂತರ ಹುಟ್ಟಿದ್ದು ವಿರಳತೆಯಿಂದ.

ಇಂತಹ ನಿಧಿ ನಮ್ಮ ದಾವಣಗೆರೆ, ಹರಿಹರಗಳ ಮನೆಗಳಲ್ಲಿ ಸಿಗುವುದು ಅಪರೂಪ. ಸಿಗಬಹುದಾದದ್ದು ಬೇರೆ: ಹಳೆಯ ಲಕೋಟೆ, ಕಾರ್ಡುಗಳು. ಚೀಟಿಗಾಗಿ ಲಕೋಟೆಯ ಮೂಲೆ ಕತ್ತರಿಸಿ, ಉಳಿದದ್ದನ್ನು ಒಲೆಗೆ ಹಾಕುವ ಪದ್ಧತಿ ನಮ್ಮಲ್ಲಿತ್ತು. ಹಾಗೆ ಸುಟ್ಟುಹೋದದ್ದು ನಮ್ಮ ಸೀಮೆಯ ಚರಿತ್ರೆ.

ಹರಪನಹಳ್ಳಿಯ ವಿಳಾಸವನ್ನೇ ನೋಡಿ. 1953ರವರೆಗೆ ಅದು ಮದ್ರಾಸು ರಾಜ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಊರು. ಆ ವರ್ಷದ ಅಕ್ಟೋಬರಿನಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಇತ್ತ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಅಲೆದಾಡಿದೆ. ಪಿನ್‌ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದರಿಂದ, ಆ ಆರು ಅಂಕಿಗಳಿದ್ದರೆ ಪತ್ರ ಅದಕ್ಕಿಂತ ಈಚಿನದೆಂದು ತಿಳಿಯುತ್ತದೆ. ಅಂಚೆಮುದ್ರೆಯಾದರೋ ಊರನ್ನೂ ದಿನವನ್ನೂ ಹೇಳಿಬಿಡುತ್ತದೆ. ಕತ್ತರಿಸಿದ ಚೀಟಿಗೆ ಈ ಸಾಕ್ಷ್ಯ ನುಡಿಯುವ ಶಕ್ತಿಯಿಲ್ಲ.

ವರ್ತಕರು ಅಂಗಡಿಯಲ್ಲಿ ತಂತಿಯ ಕೊಕ್ಕೆಗೆ ಚುಚ್ಚಿಡುತ್ತಿದ್ದ ಕಾರ್ಡುಗಳಿಗೆ ನಡುವೆ ತೂತಿರುತ್ತದೆ. ಸಂಗ್ರಾಹಕನ ದೃಷ್ಟಿಯಲ್ಲಿ ಅದು ಊನ, ಬೆಲೆ ಇಳಿಯುತ್ತದೆ. ಆದರೆ ಅದರಲ್ಲಿ ಹತ್ತಿಯ ಧಾರಣೆಯೋ, ಬರಬೇಕಾದ ಬಾಕಿಯೋ ಬರೆದಿದ್ದರೆ ಇತಿಹಾಸಕಾರನಿಗೆ ಆ ತೂತು ಅಡ್ಡಿಯಲ್ಲ. ಸಂತೆಯ ಬೆಲೆ ಬೇರೆ, ಚರಿತ್ರೆಯ ಬೆಲೆ ಬೇರೆ.

ಆದ್ದರಿಂದ ವಿದ್ಯಾರ್ಥಿಮಿತ್ರರಲ್ಲಿ, ಬಂಧುಗಳಲ್ಲಿ ನನ್ನದೊಂದು ವಿನಂತಿ. ಹಬ್ಬಕ್ಕೆ ಮನೆ ಸಾರಿಸುವಾಗ ಅಜ್ಜನ ಟ್ರಂಕಿನ ಕಾಗದಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಓದಿ. ಅಂಟು ಹಚ್ಚಬೇಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಬೇಡಿ. ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿ. ಯಾರ ಪತ್ರ, ಯಾರಿಗೆ ಬಂದದ್ದು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಬೇರೊಂದು ಹಾಳೆಯಲ್ಲಿ ಬರೆದಿಡಿ.