ಇಂಡಿಯನ್ (ತಮಿಳು ಚಲನಚಿತ್ರ, 1996)

ಎಸ್. ಶಂಕರ್ ನಿರ್ದೇಶನದ ತಮಿಳು ಸಾಹಸಚಿತ್ರ. ಲಂಚಕೋರ ಅಧಿಕಾರಿಗಳನ್ನು ತಾನೇ ಹುಡುಕಿ ಕೊಲ್ಲುವ ಮುದಿ ಸ್ವಾತಂತ್ರ್ಯ ಹೋರಾಟಗಾರನ ಕಥೆ. 1996ರ ಮೇ 9ರಂದು ತೆರೆಕಂಡಿತು. ನಿರ್ಮಾಪಕರು ಎ. ಎಂ. ರತ್ನಂ; ಸಂಭಾಷಣೆ ಸುಜಾತ, ಛಾಯಾಗ್ರಹಣ ಜೀವಾ, ಸಂಗೀತ ಎ. ಆರ್. ರೆಹಮಾನ್. ತಂದೆ ಸೇನಾಪತಿ, ಮಗ ಚಂದ್ರು, ಎರಡೂ ಪಾತ್ರಗಳಲ್ಲಿ ಕಮಲ್ ಹಾಸನ್. ಸುಕನ್ಯಾ, ಮನೀಷಾ ಕೊಯಿರಾಲ, ಊರ್ಮಿಳಾ ಮಾತೋಂಡ್ಕರ್, ನೆಡುಮುಡಿ ವೇಣು, ಕಸ್ತೂರಿ, ಗೌಂಡಮಣಿ, ಸೆಂದಿಲ್ ಇತರ ಮುಖ್ಯ ನಟರು. ತೆಲುಗಿನಲ್ಲಿ ‘ಭಾರತೀಯುಡು’, ಹಿಂದಿಯಲ್ಲಿ ‘ಹಿಂದೂಸ್ತಾನಿ’ ಎಂಬ ಹೆಸರುಗಳಿಂದ ಡಬ್ ಆಯಿತು.

ಕಥೆ

ಸುಭಾಷ್‌ಚಂದ್ರ ಬೋಸರ ಸೈನ್ಯದಲ್ಲಿದ್ದ ಸೇನಾಪತಿ ಹಳ್ಳಿಯಲ್ಲಿ ಬದುಕುತ್ತಿರುತ್ತಾನೆ. ಸುಟ್ಟಗಾಯಗಳಾದ ಮಗಳನ್ನು ಆಸ್ಪತ್ರೆಗೆ ಹೊತ್ತು ತಂದರೆ ಅಲ್ಲಿ ದುಡ್ಡಿಲ್ಲದೆ ಕೆಲಸ ನಡೆಯುವುದಿಲ್ಲ. ಲಂಚ ಕೊಡಲು ಆತ ಒಪ್ಪುವುದಿಲ್ಲ, ಮಗಳು ಉಳಿಯುವುದಿಲ್ಲ. ಕೊಲೆಗಳ ಸರಣಿಯ ಹಿಂದಿರುವುದು ಈ ಸಾವು. ಲಂಚ ಕೇಳಿದ್ದ ವೈದ್ಯನನ್ನು ಟಿ.ವಿ. ನೇರಪ್ರಸಾರದಲ್ಲಿ, ಇಡೀ ನಾಡು ನೋಡುತ್ತಿರುವಾಗಲೇ ಕೊಲ್ಲುವ ದೃಶ್ಯ ಇಂದಿಗೂ ನೋಡುಗರನ್ನು ಕದಲಿಸುತ್ತದೆ. ಸೊಂಟದ ಪಟ್ಟಿಯಲ್ಲಿ ಅಡಗಿರುವ ಕತ್ತಿ ಅವನ ಆಯುಧ.

ಇಷ್ಟೇ ಆಗಿದ್ದರೆ ಇದೊಂದು ಸೇಡಿನ ಚಿತ್ರವಾಗಿ ಮುಗಿಯುತ್ತಿತ್ತು. ಆದರೆ ಆರ್‌ಟಿಒ ಕಚೇರಿಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಆಗುವ ಮಗ ಚಂದ್ರುವೇ ಲಂಚ ತಿಂದು, ಕೆಟ್ಟ ಬಸ್ಸಿಗೆ ಯೋಗ್ಯತಾಪತ್ರ ಕೊಡುತ್ತಾನೆ. ಆ ಬಸ್ಸಿನಲ್ಲಿದ್ದ ಶಾಲಾಮಕ್ಕಳು ಸಾಯುತ್ತಾರೆ. ಮಗಳ ಸಾವಿಗೆ ಕೈಗೆತ್ತಿಕೊಂಡ ಕತ್ತಿ ಮಗನ ಕಡೆಗೇ ತಿರುಗುತ್ತದೆ. ತಾಯಿಯ ಕಣ್ಣೀರಾಗಲಿ, ಮಗನನ್ನು ಪ್ರೀತಿಸಿದವಳ ಬೇಡಿಕೆಯಾಗಲಿ ಸೇನಾಪತಿಯನ್ನು ತಡೆಯುವುದಿಲ್ಲ. ಈ ಬಗೆಯ ಚಿತ್ರಗಳಲ್ಲಿ ‘ಇಂಡಿಯನ್’ ಬೇರೆಯಾಗಿ ನಿಲ್ಲುವುದು ಈ ಒಂದು ತಿರುವಿನಿಂದ. ಅನ್ಯಾಯ ಮಾಡುವವರು ಯಾರೋ ಹೊರಗಿನವರು ಎಂಬ ನೆಮ್ಮದಿಯನ್ನು ಅದು ಪ್ರೇಕ್ಷಕನಿಂದ ಕಸಿದುಕೊಳ್ಳುತ್ತದೆ.

ಶಂಕರ್ ಅವರಿಗೆ ಇದು ಮೂರನೆಯ ಚಿತ್ರ. ಮೊದಲ ಚಿತ್ರ ‘ಜಂಟಲ್‌ಮ್ಯಾನ್’ (1993) ಕಾಲೇಜುಗಳ ಕ್ಯಾಪಿಟೇಶನ್ ಹಾವಳಿಯ ಬಗ್ಗೆ ಇತ್ತು. ಮುಂದೆ ‘ಅನ್ನಿಯನ್’ (2005) ಇದೇ ಜಾಡು ಹಿಡಿಯಿತು.

ವರ್ಮಕಲೆ

ಸೇನಾಪತಿಯ ನಿಜವಾದ ಬಲ ಕತ್ತಿಯಲ್ಲಿಲ್ಲ, ಬೆರಳಲ್ಲಿದೆ. ತೋರುಬೆರಳು, ನಡುಬೆರಳುಗಳನ್ನು ಕೊಕ್ಕೆಯ ಹಾಗೆ ಮಡಚಿ ಒಂದು ಕಡೆ ತಿವಿದರೆ ಎದುರಾಳಿ ಇದ್ದಲ್ಲೇ ಮರಗಟ್ಟುತ್ತಾನೆ. ಇದು ಚಿತ್ರಕಥೆಗಾರರ ಕಟ್ಟುಕಥೆಯಲ್ಲ. ದಕ್ಷಿಣ ತಮಿಳುನಾಡಿನಲ್ಲಿ, ಅದರಲ್ಲೂ ಕನ್ಯಾಕುಮಾರಿ ಜಿಲ್ಲೆಯಲ್ಲಿ, ಗುರುವಿನಿಂದ ಶಿಷ್ಯನಿಗೆ ಬಂದಿರುವ ವರ್ಮಕಲೆ ಇದರ ಮೂಲ. ವರ್ಮ ಎಂದರೆ ನಮ್ಮ ‘ಮರ್ಮ’ವೇ, ‘ಮರ್ಮಕ್ಕೆ ಪೆಟ್ಟು’ ಎನ್ನುವಾಗ ಕನ್ನಡಿಗರು ಹೇಳುವುದೂ ಇದನ್ನೇ. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳಿದರೆ ತಮಿಳು ಸಿದ್ಧ ಪರಂಪರೆಯಲ್ಲಿ ಸಾಮಾನ್ಯವಾಗಿ 108ರ ಲೆಕ್ಕವಿದೆ: 12 ಪಡುವರ್ಮ, 96 ತೊಡುವರ್ಮ. ಪಡುವರ್ಮಕ್ಕೆ ಬಿದ್ದ ಪೆಟ್ಟು ಪ್ರಾಣಕ್ಕೇ ಎರವಾಗಬಹುದು ಎಂಬುದು ಪರಂಪರೆಯ ನಂಬಿಕೆ. ಹುಬ್ಬುಗಳ ನಡುವಿನದು ತಿಲರ್ದ ಕಾಲಂ, ನೆತ್ತಿಯದು ಕೊಂಡೈಕೊಲ್ಲಿ.

ಗ್ರಂಥಗಳು ಓಲೆಗರಿಗಳಲ್ಲಿವೆ, ಹಲವನ್ನು ಅಗಸ್ತ್ಯರ ಹೆಸರಿಗೆ ಹಚ್ಚಲಾಗಿದೆ. ಭಾಷೆ ಬೇಕೆಂದೇ ಒಗಟಾಗಿದೆ. ಓದಿದವನಿಗೆ ಜಾಗ ಸಿಗುವುದಿಲ್ಲ, ಆಸಾನ್ (ಗುರು) ಬೆರಳಿಟ್ಟು ತೋರಿಸಿದರಷ್ಟೇ ಸಿಗುತ್ತದೆ. ಇನ್ನೂ ಮುಖ್ಯವಾದದ್ದು, ಹೊಡೆಯುವ ವಿದ್ಯೆಯ ಬೆನ್ನಿಗೇ ಬಿಡಿಸುವ ವಿದ್ಯೆಯೂ ಇದೆ. ಪೆಟ್ಟು ತಿಂದವನನ್ನು ಮತ್ತೆ ಎಚ್ಚರಕ್ಕೆ ತರುವ ತಾಣಗಳಿಗೆ ‘ಅಡಂಗಲ್’ ಎನ್ನುತ್ತಾರೆ. ಆಸಾನ್‌ಗಳು ದಿನನಿತ್ಯ ಮಾಡುವುದು ಉಳುಕು, ಮೂಳೆಮುರಿತ, ನರದ ನೋವುಗಳ ಚಿಕಿತ್ಸೆಯನ್ನೇ. ರೋಮನ್ ಸೀಲರ್ ಎಂಬ ವಿದ್ವಾಂಸರು 2015ರ ತಮ್ಮ ಅಧ್ಯಯನದಲ್ಲಿ ಕೊಲ್ಲುವ ಮತ್ತು ಕಾಯುವ ಈ ಎರಡು ಮುಖಗಳನ್ನು ಒಟ್ಟಾಗಿಯೇ ಪರಿಶೀಲಿಸಿದ್ದಾರೆ. ಚಿತ್ರ ಎತ್ತಿ ತೋರಿದ್ದು ಮೊದಲ ಅರ್ಧವನ್ನು ಮಾತ್ರ. ಆದರೂ ಹಳ್ಳಿಯ ಆಸಾನ್‌ಗಳ ಜಗಲಿಗೆ ಸೀಮಿತವಾಗಿದ್ದ ಹೆಸರನ್ನು ಮನೆಮಾತಾಗಿಸಿದ ಹಿರಿಮೆ ಅದಕ್ಕೇ ಸಲ್ಲಬೇಕು. ಕಮಲ್‌ಗೆ ಈ ಪಟ್ಟುಗಳನ್ನು ಕಲಿಸಿದವರು ಆಸಾನ್ ರಾಜೇಂದ್ರನ್.

ವೇಷ ಮತ್ತು ತಂತ್ರ

ಚಿತ್ರ ತೆರೆಗೆ ಬಂದಾಗ ಕಮಲ್‌ಗೆ 41 ವರ್ಷ. ಸೇನಾಪತಿಗೆ ಎಪ್ಪತ್ತು ದಾಟಿದೆ. ಮುದಿ ಮುಖವನ್ನು ರೂಪಿಸಿದವರು ಹಾಲಿವುಡ್ಡಿನ ಪ್ರಸಾಧನ ತಜ್ಞ ಮೈಕೆಲ್ ವೆಸ್ಟ್‌ಮೋರ್. ಅದೇ ವರ್ಷದ ‘ಅವ್ವೈ ಷಣ್ಮುಗಿ’ಯ ಅಜ್ಜಿಯ ವೇಷವೂ ಅವರ ಕೈಯದೇ. ಕ್ಯಾಮೆರಾ ತೀರ ಹತ್ತಿರ ಬಂದಾಗ ಆ ಕೃತಕ ಚರ್ಮ ಬಿಗಿದಂತೆ ಕಾಣುವುದುಂಟು. ಮುಖ ಹೇಳಲಾಗದ್ದನ್ನು ಕಮಲ್ ಕಣ್ಣು, ಭುಜ, ನಿಂತ ಭಂಗಿಗಳಿಗೆ ಒಪ್ಪಿಸಿದ್ದಾರೆ. ಅಭಿನಯ ಗೆದ್ದಿರುವುದು ಅಲ್ಲಿ. ಸೇನಾಪತಿಯ ಯೌವನವನ್ನು ಕಪ್ಪುಬಿಳುಪಿನಲ್ಲಿ ತೋರಿಸುವಾಗ ಬೋಸರ ಹಳೆಯ ಚಿತ್ರತುಣುಕುಗಳೊಳಗೆ ಕಮಲ್‌ರನ್ನು ಕೂಡಿಸಲಾಗಿದೆ.

ಮನ್ನಣೆ

44ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕಮಲ್ ಹಾಸನ್ (ಅತ್ಯುತ್ತಮ ನಟ), ತೋಟ ತರಣಿ (ಕಲಾ ನಿರ್ದೇಶನ), ಎಸ್. ಟಿ. ವೆಂಕಿ (ವಿಶೇಷ ಪರಿಣಾಮಗಳು) ಪುರಸ್ಕೃತರಾದರು. ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋದ ಅಧಿಕೃತ ಚಿತ್ರವೂ ಇದೇ.

ಬಿಡುಗಡೆಯ ಗಳಿಗೆಯನ್ನೂ ಮರೆಯುವಂತಿಲ್ಲ. ಭ್ರಷ್ಟಾಚಾರವೇ ಮುಖ್ಯ ವಿಷಯವಾಗಿದ್ದ ವಿಧಾನಸಭಾ ಚುನಾವಣೆಯಲ್ಲಿ ಜಯಲಲಿತಾ ಸರ್ಕಾರ ಸೋತು, ಮೇ 13ರಂದು ಕರುಣಾನಿಧಿ ಮುಖ್ಯಮಂತ್ರಿಯಾದರು; ಚಿತ್ರ ತೆರೆಗೆ ಬಂದು ಆಗಿನ್ನೂ ನಾಲ್ಕು ದಿನ. ಚಿತ್ರದ ಯಶಸ್ಸಿನಲ್ಲಿ ಆ ಸಿಟ್ಟಿನ ಪಾಲೂ ಇದ್ದಿರಬಹುದು.

ಮುಂದಿನ ಭಾಗ

ಶಂಕರ್–ಕಮಲ್ ಜೋಡಿಯ ‘ಇಂಡಿಯನ್ 2’ 2024ರ ಜುಲೈ 12ರಂದು ಬಿಡುಗಡೆಯಾಯಿತು. 2020ರ ಫೆಬ್ರುವರಿಯಲ್ಲಿ ಚೆನ್ನೈ ಸಮೀಪದ ಚಿತ್ರೀಕರಣದ ತಾಣದಲ್ಲಿ ಕ್ರೇನ್ ಉರುಳಿ ಮೂವರು ಕೆಲಸಗಾರರು ಸತ್ತಿದ್ದರು. ತನಿಖಾಧಿಕಾರಿಯ ಪಾತ್ರದ ನೆಡುಮುಡಿ ವೇಣು 2021ರಲ್ಲಿ ತೀರಿಕೊಂಡರು. ಸೇನಾಪತಿ ಮರಳಿ ಬಂದರೂ ಮೊದಲ ಚಿತ್ರದ ಕಸುವು ಬರಲಿಲ್ಲ. ವಿಮರ್ಶಕರೂ ಪ್ರೇಕ್ಷಕರೂ ಅದನ್ನು ಒಪ್ಪಲಿಲ್ಲ.