ಕಂಪ್ಯೂಟರಿಗೂ ಬೇಕು ಒಂದು ಚಮಚ ಹೆಪ್ಪು

ಹಾಲು ತಾನಾಗಿಯೇ ಮೊಸರಾಗುವುದಿಲ್ಲ. ನಿನ್ನೆಯ ಮೊಸರಿನಿಂದ ಒಂದು ಚಮಚ ಹೆಪ್ಪು ಹಾಕಿದರೆ ಮಾತ್ರ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಗಟ್ಟಿ ಮೊಸರು ಸಿಗುತ್ತದೆ. ಕಂಪ್ಯೂಟರಿನ ಕಥೆಯೂ ಹೀಗೆಯೇ. ಸ್ವಿಚ್ ಹಾಕಿದ ಕ್ಷಣದಲ್ಲಿ ಅದಕ್ಕೆ ವಿಂಡೋಸ್ ಎಂದರೇನು, ಲಿನಕ್ಸ್ ಎಂದರೇನು ಎಂಬುದು ಗೊತ್ತಿರುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಡಿಸ್ಕ್‌ನಲ್ಲಿ ಇರುತ್ತದೆ. ಆದರೆ ಅದನ್ನು ಓದಿ ಒಳಗೆ ತರಲು ಇನ್ನೊಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಎಲ್ಲಿಂದ ಬರಬೇಕು?

ಇದು ತನ್ನ ಜುಟ್ಟನ್ನು ತಾನೇ ಹಿಡಿದು ಮೇಲೆತ್ತಿಕೊಂಡ ಹಾಗೆ. ಇಂಗ್ಲಿಷಿನವರು ಇದನ್ನೇ ಶೂಗಳ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದು ಎನ್ನುತ್ತಾರೆ. ಆ ಪಟ್ಟಿಯ ಹೆಸರು ಬೂಟ್‌ಸ್ಟ್ರಾಪ್. ಕಂಪ್ಯೂಟರ್ 'ಬೂಟ್' ಆಗುವುದು ಎಂಬ ಮಾತು ಬಂದದ್ದು ಅಲ್ಲಿಂದ. ಆ ಮೊದಲ ಚಮಚ ಹೆಪ್ಪು ಯಾರ ಕೈಯಲ್ಲಿತ್ತು, ನಮ್ಮ ಕೈಗೆ ಹೇಗೆ ಬಂತು ಎಂಬುದೇ ಈ ಲೇಖನದ ವಿಷಯ.

1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರ್ ಮಾರಾಟಕ್ಕೆ ಬಂತು. ಅದಕ್ಕೆ ಕೀಬೋರ್ಡ್ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂದೆ ಸಾಲಾಗಿ ಸ್ವಿಚ್‌ಗಳಿದ್ದವು. ಪವರ್ ಆರಿಸಿದರೆ ನೆನಪೆಲ್ಲ ಖಾಲಿ. ಮತ್ತೆ ಶುರು ಮಾಡುವಾಗ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಸಂಖ್ಯೆಯನ್ನು ಕೈಯಿಂದಲೇ ತುಂಬಬೇಕಿತ್ತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಈ ಯಂತ್ರಕ್ಕಾಗಿ ಬೇಸಿಕ್ ಭಾಷೆಯನ್ನು ಬರೆದಿದ್ದರು. ಅದನ್ನು ತೋರಿಸಲು ಕಾಗದದ ಟೇಪ್ ಹಿಡಿದು ಆಲ್ಬುಕರ್ಕಿಗೆ ಹೊರಟ ಆಲನ್‌ಗೆ ವಿಮಾನ ಇಳಿಯುವ ಹೊತ್ತಿಗೆ ಒಂದು ವಿಷಯ ಹೊಳೆಯಿತು: ಟೇಪನ್ನು ಓದುವ ಬೂಟ್ ಪ್ರೋಗ್ರಾಮನ್ನು ಇಬ್ಬರೂ ಬರೆದೇ ಇರಲಿಲ್ಲ! ಸೀಟಿನಲ್ಲೇ ಕುಳಿತು ಕಾಗದದ ಮೇಲೆ ಬರೆದರು. ಮರುದಿನ ಅದು ಕೆಲಸ ಮಾಡಿತು. ಮೈಕ್ರೋಸಾಫ್ಟ್‌ನ ಮೊದಲ ವ್ಯಾಪಾರ ಆ ಕೆಲವೇ ಸಾಲುಗಳ ಮೇಲೆ ನಿಂತಿತ್ತು.

ಇದಕ್ಕೂ ನಾಲ್ಕು ವರ್ಷ ಮೊದಲೇ, 1971ರಲ್ಲಿ, ಐಬಿಎಂ 8 ಇಂಚಿನ ಫ್ಲಾಪಿ ಡಿಸ್ಕ್ ತಂದಿತ್ತು. ಅದು ಹುಟ್ಟಿದ್ದು ನಮ್ಮ ಫೈಲುಗಳನ್ನು ಇಡಲು ಅಲ್ಲ; ದೊಡ್ಡ ಕಂಪ್ಯೂಟರುಗಳಿಗೆ ಶುರುವಿನ ಸೂಚನೆಗಳನ್ನು ತುಂಬಿಸಲು. ಅಂದರೆ ಫ್ಲಾಪಿಯ ಮೊದಲ ಕೆಲಸವೇ ಹೆಪ್ಪು ಹಾಕುವುದು. 1981ರ ಐಬಿಎಂ ಪಿಸಿಯಲ್ಲಿ ಬಯಾಸ್ ಎಂಬ ಸಣ್ಣ ಪ್ರೋಗ್ರಾಂ ಚಿಪ್‌ನಲ್ಲೇ ಕಾಯಂ ಆಗಿ ಕುಳಿತಿತ್ತು. ಅದು ಫ್ಲಾಪಿಯ ಮೊದಲ 512 ಬೈಟ್‌ಗಳನ್ನು ಓದಿ, "ಇನ್ನು ನೀನು ನೋಡಿಕೋ" ಎಂದು ಅದಕ್ಕೆ ಅಧಿಕಾರ ಬಿಟ್ಟುಕೊಡುತ್ತಿತ್ತು.

ಬಾಗಿಲು ತೆರೆದರೆ ನೆಂಟರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ಎಂಬ ಪಿಸಿ ವೈರಸ್ ಅಡಗಿ ಕುಳಿತದ್ದು ಫ್ಲಾಪಿಯ ಇದೇ ಜಾಗದಲ್ಲಿ. ಇಂದಿನ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಇರುವುದು ಇಂಥ ಕಳ್ಳರನ್ನು ತಡೆಯಲು.

1990ರ ದಶಕದಲ್ಲಿ ಕಚೇರಿ ಮತ್ತು ಶಾಲೆಗಳಲ್ಲಿ ಕಂಪ್ಯೂಟರುಗಳ ಸಂಖ್ಯೆ ಹೆಚ್ಚಿತು. ಒಂದೊಂದಕ್ಕೂ ಹೊಸದಾಗಿ ಎಲ್ಲವನ್ನೂ ಇನ್‌ಸ್ಟಾಲ್ ಮಾಡುತ್ತಾ ಕೂತರೆ ದಿನಗಳೇ ಬೇಕು. ನ್ಯೂಜಿಲೆಂಡಿನ ಮರೆ ಹ್ಯಾಸರ್ಡ್ 'ಘೋಸ್ಟ್' ಎಂಬ ಪ್ರೋಗ್ರಾಂ ಬರೆದು ಇದಕ್ಕೆ ಉತ್ತರ ಕೊಟ್ಟರು. ಒಂದು ಕಂಪ್ಯೂಟರನ್ನು ಚೆನ್ನಾಗಿ ಸಿದ್ಧಮಾಡಿ, ಅದರ ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆದು, ಉಳಿದವುಗಳಿಗೆ ಅದನ್ನೇ ಸುರಿಯುವುದು. ಆ ಪಡಿಯಚ್ಚಿಗೆ 'ಇಮೇಜ್' ಎಂದು ಹೆಸರು. ಆದರೆ ಖಾಲಿ ಯಂತ್ರವನ್ನು ಎಬ್ಬಿಸಲು ತಂತ್ರಜ್ಞರು ಬೂಟ್ ಫ್ಲಾಪಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ಓಡಾಡಬೇಕಿತ್ತು. 1995ರಲ್ಲಿ ಸಿಡಿಯಿಂದಲೂ ಬೂಟ್ ಮಾಡುವ ನಿಯಮಗಳು ಬಂದವು.

ಮುಂದಿನ ಹೆಜ್ಜೆಯಲ್ಲಿ ನಾವಿರುವ ಸಿಂಗಪುರಕ್ಕೂ ಪಾಲಿದೆ. 2000ನೇ ಇಸವಿಯಲ್ಲಿ ಇಲ್ಲಿನ ಟ್ರೆಕ್ ಕಂಪನಿ 'ಥಂಬ್‌ಡ್ರೈವ್' ಎಂಬ ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷದ ಕೊನೆಗೆ ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿದ ಇಂಥದೇ ಸಾಧನ, ಐಬಿಎಂ ಹೆಸರಿನಲ್ಲಿ, ಅಮೆರಿಕದಲ್ಲಿ ಮಾರಾಟವಾಯಿತು. ಅದರಲ್ಲಿ ಹಿಡಿಯುತ್ತಿದ್ದದ್ದು 8 ಮೆಗಾಬೈಟ್ ಮಾತ್ರ. ಯುಎಸ್‌ಬಿಯಿಂದ ಬೂಟ್ ಮಾಡುವುದನ್ನು ಕಂಪ್ಯೂಟರುಗಳು ಕಲಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. 2007ರಲ್ಲಿ ಸಿಡಿ ಡ್ರೈವ್ ಇಲ್ಲದ ಈ-ಪಿಸಿಯಂಥ ಪುಟ್ಟ ಲ್ಯಾಪ್‌ಟಾಪ್‌ಗಳು ಬಂದಾಗ ಇದು ಅನಿವಾರ್ಯವಾಯಿತು. 2009ರಲ್ಲಿ ವಿಂಡೋಸ್ 7ನ್ನು ಯುಎಸ್‌ಬಿಗೆ ಹಾಕುವ ಸಾಧನವನ್ನು ಮೈಕ್ರೋಸಾಫ್ಟ್ ತಾನೇ ಕೊಟ್ಟಿತು. 2011ರಲ್ಲಿ ರೂಫಸ್ ಎಂಬ ಉಚಿತ ಪ್ರೋಗ್ರಾಂ ಬಂತು.

ಇಂಥ ಪ್ರೋಗ್ರಾಂ ಯಾಕೆ ಬೇಕು? ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಯುಎಸ್‌ಬಿಗೆ ಎಳೆದು ಹಾಕಿದರೆ ಅದು ಬೂಟ್ ಆಗುವುದಿಲ್ಲ. ಮೊಸರಿನ ಡಬ್ಬಿಯನ್ನು ಮುಚ್ಚಳ ತೆಗೆಯದೆ ಹಾಲಿನಲ್ಲಿ ಮುಳುಗಿಸಿದ ಹಾಗಾಗುತ್ತದೆ. ಫೈಲಿನ ಒಳಗಿರುವುದನ್ನು ಬಿಡಿಸಿ, ಕಂಪ್ಯೂಟರ್ ಎಲ್ಲಿ ಹುಡುಕುತ್ತದೆಯೋ ಅಲ್ಲೇ ಬೂಟ್ ಭಾಗವನ್ನು ಇಡಬೇಕು. ಹಾಗೆ ಮಾಡುವಾಗ ಯುಎಸ್‌ಬಿಯಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಕ್ಲೌಡ್ ಕಾಲದಲ್ಲಿ ಇದೆಲ್ಲ ಹಳೆಯ ಮಾತು ಎನಿಸಬಹುದು. 2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ಚಾಂಗಿ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಕಂಪನಿಗಳು ಕೈಯಿಂದಲೇ ಚೆಕ್-ಇನ್ ಮಾಡಬೇಕಾಯಿತು. ಪೂರ್ತಿ ಎಚ್ಚರವಾಗದ ಯಂತ್ರಕ್ಕೆ ಇಂಟರ್ನೆಟ್ ಮೂಲಕ ಔಷಧಿ ಕಳಿಸುವುದು ಕಷ್ಟ. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರಗಳಲ್ಲಿ ಬೂಟ್ ಆಗುವ ಯುಎಸ್‌ಬಿಯೂ ಒಂದು. ಎಷ್ಟೋ ಕಡೆ ತಂತ್ರಜ್ಞರು 1990ರ ದಶಕದವರಂತೆಯೇ ಯಂತ್ರದಿಂದ ಯಂತ್ರಕ್ಕೆ ನಡೆದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ, ಆದರೆ ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪ್‌ಗಳು ಕಸಕ್ಕೆ ಹೋಗುತ್ತಿವೆ. ನಮ್ಮ ಶಾಲೆಯ ಕಂಪ್ಯೂಟರ್ ಕ್ಲಬ್‌ಗೆ ಅಂಥ 12 ಲ್ಯಾಪ್‌ಟಾಪ್‌ಗಳು ಬಂದವು. ಒಂದರಲ್ಲಿ ಲಿನಕ್ಸ್ ಹಾಕಿ, ಕನ್ನಡ, ತಮಿಳು, ಚೀನೀ, ಮಲಯ್ ಭಾಷೆಗಳ ಕೀಬೋರ್ಡ್ ಸೇರಿಸಿದೆವು. ತೈವಾನಿನಲ್ಲಿ ತಯಾರಾದ ಕ್ಲೋನ್‌ಜಿಲ್ಲಾ ಎಂಬ ಉಚಿತ ಪ್ರೋಗ್ರಾಂನಿಂದ ಅದರ ಇಮೇಜ್ ತೆಗೆದು ಉಳಿದ 11ಕ್ಕೆ ಸುರಿದೆವು. ಎರಡು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಈಗ ಅವುಗಳಲ್ಲಿ ಪ್ರೈಮರಿ ಶಾಲೆಯ ಮಕ್ಕಳು ಹೋಮ್‌ವರ್ಕ್ ಮಾಡುತ್ತಿದ್ದಾರೆ.

ಒಂದು ಕಾಲದಲ್ಲಿ ಯಂತ್ರ ತಯಾರಿಸಿದವರು ಮತ್ತು ಪರಿಣತರು ಮಾತ್ರ ಮಾಡುತ್ತಿದ್ದ ಕೆಲಸ ಇದು. ಇಂದು ಹತ್ತು ಡಾಲರಿನ ಯುಎಸ್‌ಬಿ ಕಡ್ಡಿ ಇದ್ದರೆ ಒಂದು ಕಂಪ್ಯೂಟರ್ ಸತ್ತಿದೆಯೋ ಬದುಕಿದೆಯೋ ಎಂದು ಹೇಳುವ ಹಕ್ಕು ನಮಗೂ ಇದೆ. ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ: ಮನೆಯ ಕಂಪ್ಯೂಟರ್ ಚೆನ್ನಾಗಿರುವಾಗಲೇ, ಅದನ್ನು ಎಬ್ಬಿಸಬಲ್ಲ ಒಂದು ಯುಎಸ್‌ಬಿಯನ್ನು ಮಕ್ಕಳ ಜೊತೆ ಕುಳಿತು ಮಾಡಿ, ಹೆಸರು ಬರೆದು ಎತ್ತಿಡಿ. ಹಾಲು ಕಾಯಿಸಿದ ಮೇಲೆ ಹೆಪ್ಪು ಹುಡುಕುವ ಪರದಾಟ ತಪ್ಪುತ್ತದೆ.